ಮಾಣಿಬಲ ಮೀಮಾಂಸೆ

ಉಮ್ಮಚಗಿ ಸಂಸ್ಕೃತ ಪಾಠಶಾಲೆಯ ಊರು. ಪ್ರಮಾಣವಿಲ್ಲದೆ ಇಲ್ಲಿ ಕವಳವನ್ನೂ ಉಗುಳುವ ಹಾಗಿಲ್ಲ. ಪ್ರಕೃತ ವಿಚಾರ: ಕೊಯ್ಲಾದ ಗದ್ದೆಯ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಮೂರನೆಯವನಾಗಿ ಇಳಿಯುವ, 17ರ ಪ್ರಾಯದ, ದೋಟಿಯಂಥ ಮೈಕಟ್ಟಿನ ಮಾಣಿಯೊಬ್ಬನಿಗೆ ಸಿಕ್ಸರಿನ ಶಕ್ತಿ ಎಂದಾದರೂ ಬಂದೀತೇ?

ಪ್ರತ್ಯಕ್ಷ ಪ್ರಮಾಣ ಮೊದಲೇ ಕೈಕೊಟ್ಟಿದೆ. ಅವನ ಹೊಡೆತಗಳೆಲ್ಲ ನೆಲ ಸವರಿಕೊಂಡೇ ಹೋಗಿವೆ. ಉಳಿದದ್ದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ, 12 ತೆಳ್ಳೇವು ದೋಸೆ ಇಳಿಯುವಲ್ಲಿ ಸಿಕ್ಸರ್ ಇರಲೇಬೇಕು ಎಂಬುದು ತಾರ್ಕಿಕರ ವಾದ. ಇದು ನಿಲ್ಲದು. ಅದೇ ಮನೆಯ ಅಪ್ಪಯ್ಯ 15 ಇಳಿಸುತ್ತಾರೆ, ಬ್ಯಾಟು ಮುಟ್ಟಿದವರಲ್ಲ.

ತೋಟಿಗರು ಉಪಮಾನ ಹಿಡಿದರು. ಅಡಿಕೆ ಸಸಿ ನೆಟ್ಟ ಮರುವರ್ಷ ಕೊನೆ ಕೇಳುವವರುಂಟೇ? ಹಿಂಗಾರ ಹೊರಡಲು ಐದಾರು ವರ್ಷವಾದರೂ ಬೇಕು, ತಾಳಿ ಎಂದರು. ಸರಿಯೇ. ಆದರೆ ಹಿಂಗಾರ ಕಂಡಮೇಲೂ ಕೊಳೆರೋಗವುಂಟಲ್ಲ? ಅಡಿಕೆಗಾದರೆ ಶೇಕಡಾ 1ರ ಬೋರ್ಡೋ ದ್ರಾವಣವಿದೆ, ಮಾಣಿಗೇನು ಸಿಂಪಡಿಸುವುದು?

ಅಮೆರಿಕದ ಬೇಸ್‌ಬಾಲ್ ಪರೀಕ್ಷಕರು ಹುಡುಗರ ತೋಳ್ಬಲಕ್ಕೆ 20ರಿಂದ 80ರವರೆಗೆ ಅಂಕ ಕೊಡುತ್ತಾರಂತೆ. ಈಗಿನದಕ್ಕೊಂದು, ಮುಂದೆ ಬರಬಹುದಾದದ್ದಕ್ಕೆ ಇನ್ನೊಂದು. ಏನೂ ಬಾರದವನಿಗೂ 20! ನಮ್ಮ ಗಣಿತದ ಮೇಷ್ಟರು ಕೇಳಿದರೆ ನೊಂದುಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಅಡಿಕೆಗೆ ರಾಶಿ, ಚಾಲಿ, ಬೆಟ್ಟೆ, ಕೋಕಾ ಎಂದು ದರ್ಜೆಯಿದೆ. ಆದರೆ ಅದು ಒಣಗಿದಮೇಲೆ.

ಇನ್ನು ಶಬ್ದಪ್ರಮಾಣ, ಅಂದರೆ ದ್ರಾವಿಡ್. 164 ಟೆಸ್ಟ್, 31,258 ಎಸೆತ, 21 ಸಿಕ್ಸರ್. ಶಕ್ತಿಯಿಲ್ಲ ಎಂದು ಪೂರ್ವಪಕ್ಷದವರು ಕವಳದ ಬಟ್ಟಲು ಮುಚ್ಚುವ ಹೊತ್ತಿಗೆ, 2011ರ ಆಗಸ್ಟ್ 31ರಂದು ಮ್ಯಾಂಚೆಸ್ಟರಿನಲ್ಲಿ, 38ನೇ ವಯಸ್ಸಿನಲ್ಲಿ, ತಾನಾಡಿದ ಏಕಮಾತ್ರ ಟಿ20 ಅಂತಾರಾಷ್ಟ್ರೀಯ ಪಂದ್ಯದಲ್ಲಿ, ಆ ಮಹಾಶಯ ಸಮಿತ್ ಪಟೇಲ್‌ಗೆ ಸಾಲಾಗಿ ಮೂರು ಸಿಕ್ಸರ್ ಎತ್ತಿದರು. ಇದ್ದ ಶಕ್ತಿ ತೋರಿತೋ, ಇಲ್ಲದ್ದು ಹುಟ್ಟಿತೋ? ಸತ್ಕಾರ್ಯವಾದ ಬಲ್ಲವರು ಹೇಳಬೇಕು. ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನಿನ ಮೊದಲ ಟೆಸ್ಟಿನಲ್ಲಿ 3 ಮತ್ತು 1. 2018ರ ಐಪಿಎಲ್‌ನಲ್ಲಿ 14 ಎಸೆತಕ್ಕೆ ಅರ್ಧಶತಕ. ಇದನ್ನು ಎರಡೂ ಪಕ್ಷದವರು ತಮ್ಮದೆಂದೇ ಉದಾಹರಿಸುತ್ತಾರೆ.

ವೈಯಾಕರಣರ ಆಕ್ಷೇಪವೇ ಬೇರೆ. ಊರಿನವರು ಮಾಣಿಯ ಬಗ್ಗೆ ‘ಹೊಡೆಗು’ ಎನ್ನುತ್ತಾರೆ. ಹಳಗನ್ನಡದ ‘ಗುಂ’ ಹವಿಗನ್ನಡದಲ್ಲಿ ಹೀಗೆ ಉಳಿದುಕೊಂಡಿದೆ. ಹೊಡೆಯುವನು ಎಂದೂ ಆದೀತು, ಹೊಡೆದರೂ ಹೊಡೆದಾನು ಎಂದೂ ಆದೀತು. ಪ್ರತ್ಯಯವೇ ಬೇಲಿಯ ಮೇಲೆ ಕೂತಿರುವಾಗ ಸಿದ್ಧಾಂತಕ್ಕೆ ಅವಸರವೇಕೆ?

ಒಂದು ಸೂಕ್ಷ್ಮವನ್ನು ಎಲ್ಲರೂ ಮರೆತಿದ್ದರು. ಗದ್ದೆಯಾಚೆ ತೋಟ. ಚೆಂಡು ಹಾರಿ ತೋಟಕ್ಕೆ ಬಿದ್ದರೆ ಔಟು, ಚೆಂಡೂ ಅವನದೇ ಖರ್ಚು. ಉರುಳಿ ಹೋದರೆ ನಾಲ್ಕು ರನ್ನು. ಇಂಥ ಧರ್ಮಶಾಸ್ತ್ರದಡಿ ಬೆಳೆದವನು ಶಕ್ತಿಯನ್ನು ಎಲ್ಲಿ ತೋರಿಸಬೇಕು?

ಕಳೆದ ಭಾನುವಾರ ಚೆಂಡು ಕಾಣೆಯಾಯಿತು. ಹಾರಿಯೇ ಹೋಯಿತು, ಮರದ ತಲೆಯಲ್ಲಿ ಸಿಕ್ಕಿದೆ ಎಂದು ಎದುರಾಳಿಗಳು. ಉರುಳಿ ತೋಟದ ಬಸಿಗಾಲುವೆಯಾದ ಕಾದಿಗೆಗೆ ಬಿತ್ತು, ತನಗೆ ಅಷ್ಟೆಲ್ಲ ಶಕ್ತಿಯೇ ಇಲ್ಲ ಎಂದು ಸ್ವತಃ ಮಾಣಿ, ಪ್ರಮಾಣ ಮಾಡಿ. ಕಾದಿಗೆ ಜಾಲಾಡಿದ್ದಾಯಿತು, ಸಿಗಲಿಲ್ಲ. ಕೊನೆಗೌಡ ಮರ ಹತ್ತುವುದು ಬರುವ ಬುಧವಾರ.