ಇಂಜಿನ್ ಕಾಕಾ

ಮಕ್ತಲದ ಕಡೆ ಹಳೇ ಕಾರು ಕೊಳ್ಳುವವನು ಸಾಲ ಕೇಳಲು ಹೋಗುವ ಮುಂಚೆ ಇಂಜಿನ್ ಕಾಕಾನ ಮನೆಗೆ ಹೋಗುತ್ತಾನೆ. ಕಾಕಾ ಮಿಸ್ತ್ರಿಯಲ್ಲ. ಅವನ ಬಿಳಿ ಧೋತರಕ್ಕೆ ಗ್ರೀಸ್ ಹತ್ತಿದ್ದನ್ನು ಯಾರೂ ಕಂಡಿಲ್ಲ. ಫೀಸೂ ಇಲ್ಲ, ಹೊಟ್ಟೆ ನೋಡಿಕೊಂಡರೆ ಸಾಕು. ಇಂಥವನೊಬ್ಬ ನಾರಾಯಣಪೇಟೆಯಲ್ಲೂ ಇದ್ದಾನಂತೆ. ಅವನು ಬರೀ ಟ್ರ್ಯಾಕ್ಟರಿನವನು ಅಂತ ನಮ್ಮವನಿಗೆ ತಾತ್ಸಾರ.

ನಮ್ಮ ಅಕ್ಕನ ಮಗನಿಗೆ ಗದ್ವಾಲದಲ್ಲೊಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಣ್ಣಿಗೆ ಬಿತ್ತು. 2004ರಲ್ಲಿ ನಮ್ಮ ದೇಶಕ್ಕೆ ಬಂದ ಮಾದರಿ, 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್. ನಂಬರ್ ಎಪಿ 22, ಅಂದರೆ ಗದ್ವಾಲವೂ ನಾರಾಯಣಪೇಟೆಯೂ ಪಾಲಮೂರು ಜಿಲ್ಲೆಯೊಳಗೇ ಇದ್ದ ಕಾಲದ್ದು.

"ಕಾಕಾ, 150 ಹಾರ್ಸ್‌ಪವರ್!" ಅಂದ ಹುಡುಗ.

"ಅಷ್ಟು ಕುದುರಿ ಕಟ್ಟಾಕ ನಿಮ್ಮಪ್ಪನ ಹಿತ್ತಲದಾಗ ಜಾಗ ಐತೇನು?"

ಹುಡುಗ ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ತೋರಿಸಿದ. "ಮಾಲಕ ನಿನ್ನೆ ರಾತ್ರಿ ಅಳಿಸಿದ್ದನ್ನ ಇದು ಇವತ್ತ ತೋರಸ್ತದೇನು?" ಅಂದು ಕಾಕಾ ಕಣ್ಣು ಮುಚ್ಚಿದ. ಗದ್ವಾಲದ ದಾರಿಯಲ್ಲಿ ಜುರಾಲಾ ಅಣೆಕಟ್ಟು ದಾಟುವಾಗ ಕರಿದ ಮೀನಿನ ವಾಸನೆ ಬಂದರೂ ಕಣ್ಣು ತೆರೆಯಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಗದ್ವಾಲದಲ್ಲಿ ಮಾಲಕ ಬಾಗಿಲಲ್ಲೇ ನಿಂತಿದ್ದ. "ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತೈತಿ ಅಣ್ಣಾ, ನೋಡ್ರಿ!" ಕಾಕಾ ನೋಡಲಿಲ್ಲ. ಕೂಸಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿ ಇತ್ತು.

"ಹಸಿವಿ ಆಗೈತಿ," ಅಂದ. ಕೀಲಿ ತನ್ನ ಜೇಬಿಗೆ ಹಾಕಿಕೊಂಡ. ಮಾಲಕನ ತೋಳು ಹಿಡಿದು, "ನೀವೂ ಬರ್ರಿ, ಒಬ್ಬರೇ ಇಲ್ಲೇನ್ ಮಾಡ್ತೀರಿ?"

ಮೊದಲು ಮಿರ್ಚಿ ಬಜ್ಜಿ. ಆಮೇಲೆ ಚಹಾ. ಆಮೇಲೆ ಊಟ, ಮತ್ತೆ ಚಹಾ. ಕೋಟೆ ನೋಡಬೇಕಂದ; ನೋಡಿದೆವು. ಸೀರೆ ಅಂಗಡಿ ಹೊಕ್ಕು, ಏನೂ ಕೊಳ್ಳದೆ, ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸಿದ ಜಾಗವನ್ನು ಬೆರಳಲ್ಲಿ ಸವರಿ ತಲೆದೂಗಿದ. ಒಂದು ಗಾಡಿಯ ಬಾಡಿಗೆ ಇನ್ನೊಂದರ ಇಂಜಿನ್ ಕೂಡಿಸಿದ್ದರೆ ಕಾಕಾ ಅದನ್ನು 'ಗದ್ವಾಲ್ ಸೀರಿ' ಅನ್ನುತ್ತಾನೆ. ಎರಡೂವರೆ ತಾಸು ಹೋಯಿತು. ಬಿಲ್ಲೆಲ್ಲ ನನ್ನದೇ. ಮಾಲಕ ಮಾತ್ರ ಯಾಕೋ ಬಜ್ಜಿ ಮುಟ್ಟಲಿಲ್ಲ.

ತಿರುಗಿ ಬಂದಾಗ ಬಾನೆಟ್ ತಣ್ಣಗಿತ್ತು. ಕಾಕಾ ಇಂಜಿನ್ ನಂಬರನ್ನು ಆರ್‌ಸಿಗೆ ಹೋಲಿಸಿದ, ಸೀರಿ ಅಲ್ಲ. ಆಯಿಲ್ ಮುಚ್ಚಳ ತೆಗೆದು ಅಡಿ ನೋಡಿದ. ಮಜ್ಜಿಗೆ ನೊರೆಯಂಥದ್ದು ಇರಲಿಲ್ಲ, ಅಂದರೆ ನೀರು ಬೆರೆತಿಲ್ಲ. ಆಮೇಲೆ ಹುಡುಗನಿಗೆ ಕೀಲಿ ಕೊಟ್ಟು ತಾನು ಹಿಂದೆ ಹೋಗಿ ಸೈಲೆನ್ಸರ್ ಎದುರು ಕುಕ್ಕರಗಾಲಲ್ಲಿ ಕೂತ.

ಭುಸ್ ಅಂತ ನೀಲಿ ಹೊಗೆ.

ವಾಲ್ವ್ ಸೀಲ್ ಸವೆದಿದ್ದರೆ ನಿಂತ ಗಾಡಿಯಲ್ಲಿ ಆಯಿಲ್ ಸಿಲಿಂಡರಿಗೆ ಇಳಿದು ಕೂತಿರುತ್ತದೆ. ಮುಂಜಾನೆಯೇ ಓಡಿಸಿ ಇಟ್ಟರೆ ಅದು ನಾವು ಬರುವ ಮುಂಚೆಯೇ ಸುಟ್ಟು ಹೋಗಿರುತ್ತದೆ. ಕಾಕಾ ಆಯಿಲ್ ಮುಚ್ಚಳವನ್ನು ತಿರುವದೆ ಸುಮ್ಮನೆ ಬಾಯಿಯ ಮೇಲಿಟ್ಟ. ಅದು ಕುಣಿಯತೊಡಗಿತು. ಪಿಸ್ಟನ್ ರಿಂಗಿನದೂ ಮುಗಿದ ಕಥೆ.

"ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸೀರಿ?"

ಮಾಲಕ ಎದೆಯುಬ್ಬಿಸಿದ. "ಮುಟ್ಟೇ ಇಲ್ಲ ಅಣ್ಣಾ, ಕಂಪನಿದೇ ಐತಿ!"

ಆ ಬೆಲ್ಟ್ ದಾರಿಯಲ್ಲಿ ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಡಿಕ್ಕಿ ಹೊಡೆದು ಇಂಜಿನ್ನೇ ಗುಜರಿ. ಕಾಕಾ ಎರಡೂ ಕೈ ಎತ್ತಿ ಮುಗಿದ. "ಬಂಡಿ ಭಾಳ ಚೊಲೋ ಐತಿ."

ಹುಡುಗ ಖುಷಿಯಿಂದ ಮುಂಗಡಕ್ಕೆ ಜೇಬಿಗೆ ಕೈ ಹಾಕಿದ. ನಾನು ಅವನ ಅಂಗಿ ಜಗ್ಗಿದೆ. ಕಾಕಾ ಹೊಗಳಿದ ಗಾಡಿಯನ್ನು ಮಕ್ತಲದವರು ಯಾರೂ ಕೊಳ್ಳುವುದಿಲ್ಲ. ಮನಸ್ಸಿಗೆ ಬಂದ ಗಾಡಿಯನ್ನು ಅವನು, ರೇಟು ಇಳಿಯುವ ತನಕ, ಒಂದು ತಾಸು ಬೈಯುತ್ತಾನೆ.

ಈಗ ಗದ್ವಾಲದವರೂ ಶಾಣ್ಯಾ ಆಗಿದ್ದಾರೆ. ಮೊನ್ನೆ ಬೇರೊಂದು ಕಾರು ನೋಡಲು ಹೋದರೆ ಗಾಡಿ ಚಾಲೂ ಇತ್ತು, ಬಜ್ಜಿಯ ತಟ್ಟೆ ಬಾನೆಟ್ಟಿನ ಪಕ್ಕಕ್ಕೇ ಬಂತು. ಕಾಕಾ ಒಂದು ಬಜ್ಜಿ ಮುರಿದು ಬಾಯಿಗಿಟ್ಟು ಮುಖ ಕಿವುಚಿದ.

"ಬಂದ್ ಮಾಡಪಾ ಅದನ್ನ. ಈ ಸದ್ದಿನಾಗ ರುಚಿನೇ ಹತ್ತವಲ್ದು."