ಬೆಳ್ಳಿಕಣ್ಣು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗಾಗಿ ಸಕಲ ದೈವಗಳನ್ನೂ ಸಮಾನ ಭಕ್ತಿಯಿಂದ ಪೀಡಿಸುವ ಸಿಂಧನೂರು ಸೀಮೆಯ ಸಾಲಗುಂದದಲ್ಲಿ, ಚಹಾದಂಗಡಿಯ ಕಟ್ಟೆಯನ್ನಲಂಕರಿಸಿದ್ದ ಗೌಡರನ್ನು ಪೂಜಾರಿ ತಾತನವರು ವಿನಯಪೂರ್ವಕವಾಗಿ ವಿಚಾರಿಸಿದರು:

“ಗೌಡ್ರ, 2024ರ ಆಗಸ್ಟಿನಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಹುಲಿಗೆಮ್ಮಗ ಬೆಳ್ಳಿಕಣ್ಣು ಬೇಡಿಕೊಂಡಿದ್ರೆಲ್ಲ?”

“ಹೌದು ತಾತ. ವಾರದಾಗ ನೀರು ನಿಂತಿತು. ತಾಯಿ ಮಾತಿಗೆ ತಪ್ಪಾಕಿ ಅಲ್ಲ.”

“ನೀವು?”

“ಬೆಳ್ಳಿ ದರ ಇಳೀಲಿ ಅಂತ ಅಂಬಾಮಠದ ಅಂಬಾದೇವಿಗೆ ಬ್ಯಾರೆ ಹರಕಿ ಹೊತ್ತೀನಿ.”

“ಅದನ್ನ ಯಾವಾಗ ತೀರಸ್ತೀರಿ?”

“ಬೆಳೆಸಾಲ ಮನ್ನಾ ಆದಂಗ ಹರಕಿನೂ ಮನ್ನಾ ಆಗಬಹುದಲ್ಲ! ಬಡ್ಡಿ ಮಾತ್ರ ಉಳಿಸಿಕೊಂಡಿಲ್ಲ, ಹುಣ್ಣಿಮಿಗೊಂದು ಟೆಂಗಿನಕಾಯಿ. ಅರ್ಧ ಹೋಳು ವಾಪಸ್ ತರತೀನಿ, ಅದು ಸಬ್ಸಿಡಿ.”

ಧರ್ಮಸೂಕ್ಷ್ಮವನ್ನರಿತ ತಾತನವರು ಗಡ್ಡವನ್ನು ನೀವಿಕೊಂಡರು: “ಅಮ್ಮ ಎಲ್ಲಾ ನೋಡಾಕತ್ಯಾಳ್ರೀ!”

“ಕಣ್ಣು ಕೊಟ್ಟರಲ್ಲೇನು ನೋಡೋದು?”