ಸೈಡ್ ಸ್ಟೆಪ್ಪಿನ ಯಜಮಾನ

ಪಿಕಪ್ ವಾಹನದ ಬಾಗಿಲುಗಳ ಕೆಳಗೆ, ನೆಲಕ್ಕೂ ಕ್ಯಾಬಿನ್ನಿನ ತಳಕ್ಕೂ ನಡುವೆ, ಹತ್ತಿ ಇಳಿಯುವವರ ಕಾಲಿಗೆ ಆಸರೆಯಾಗಲೆಂದು ಉದ್ದಕ್ಕೆ ಕೂರಿಸುವ ಕೊಳವೆಗೆ ಅಥವಾ ಹಲಗೆಗೆ ಸೈಡ್ ಸ್ಟೆಪ್ಪು ಎಂದು ಹೆಸರು. ವಾಹನ ತಯಾರಿಸಿದ ಕಂಪನಿಯೇ ಜೋಡಿಸಿ ಕೊಡದೆ, ಮಾಲೀಕನು ಆಮೇಲೆ ತನ್ನ ಖರ್ಚಿನಲ್ಲಿ, ತನ್ನ ಅಭಿರುಚಿಗೆ ತಕ್ಕಂತೆ ಆರಿಸಿ ಹಾಕಿಸಿಕೊಂಡರೆ ಅದನ್ನು ಆಫ್ಟರ್‌ಮಾರ್ಕೆಟ್ ಮಾಲು ಎನ್ನುತ್ತಾರೆ. ಬದನಗುಪ್ಪೆಯಲ್ಲಿ ‘ಹೊರಗಡ ಹಾಕ್ಸಿದ್ದು’ ಎಂದರೆ ಸಾಕು. ಈ ವ್ಯಾಖ್ಯೆಯಲ್ಲಿ ವಾಸ್ತವಕ್ಕೆ ಹೊಂದದ ಮಾತು ಒಂದೇ, ‘ಕಾಲಿಗೆ ಆಸರೆಯಾಗಲೆಂದು’ ಎಂಬುದು; ಏಕೆಂದರೆ ಹಾಕಿಸಿದ ಮರುದಿನದಿಂದ ಆ ಸ್ಟೆಪ್ಪಿನ ಮೇಲೆ ಯಾರೂ ಕಾಲಿಡಕೂಡದೆಂಬ ಕಟ್ಟಳೆ ಜಾರಿಗೆ ಬರುತ್ತದೆ, ಮತ್ತು ಆ ಕಟ್ಟಳೆಯನ್ನು ಹೊರಡಿಸುವವನೇ ಇಲ್ಲಿ ವಿವರಿಸಬೇಕಾಗಿರುವ ಸ್ಟೆಪ್ಪಿನ ಯಜಮಾನ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಸಾಗುವ ದಾರಿಯಲ್ಲಿ, ಸ್ವಂತ ರೈಲು ನಿಲ್ದಾಣವೂ ಕೆಲ್ಲಂಬಳ್ಳಿಯೊಡನೆ ಹೆಸರು ಹಂಚಿಕೊಂಡ ಕೈಗಾರಿಕಾ ಪ್ರದೇಶವೂ ಇರುವ ಬದನಗುಪ್ಪೆ ಈ ವರ್ಗದ ವ್ಯಕ್ತಿಗೆ ಹೇಳಿ ಮಾಡಿಸಿದ ನೆಲೆ. ಬೆಳಿಗ್ಗೆ ಕಾರ್ಖಾನೆಯ ಸಾಮಾನು, ಮಧ್ಯಾಹ್ನ ಬಾಳೆಗೊನೆ, ಸಂಜೆ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಎಲೆಕೋಸು, ಹೂವಿನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯ ಚೆಂಡುಹೂವು, ಅರಿಶಿನದ ಕಾಲದಲ್ಲಿ ಅರಿಶಿನ, ಅಮಾವಾಸ್ಯೆ ಬಂದರೆ ಮಾದಪ್ಪನ ಬೆಟ್ಟಕ್ಕೆ ಹೊರಟ ಒಕ್ಕಲಿನ ಅಕ್ಕಿಮೂಟೆ, ಪಾತ್ರೆ, ಸೌದೆ ಹೀಗೆ ಅವನ ಗಾಡಿಗೆ ಬಿಡುವಿಲ್ಲ. ನೋಂದಣಿ ಫಲಕದಲ್ಲಿ ಚಾಮರಾಜನಗರ ಜಿಲ್ಲೆಯ ಕೆಎ 10, ಮುಂದಿನ ಗಾಜಿನ ಮೇಲೆ ಮಲೆ ಮಹದೇಶ್ವರ, ಹಿಂದಿನ ಹಲಗೆಯ ಮೇಲೆ ಮಕ್ಕಳ ಹೆಸರು. ಈ ಮೂರೂ ಎಲ್ಲರ ಗಾಡಿಗೂ ಇರುವುದರಿಂದ, ನಾಲ್ಕನೆಯದೊಂದು ಬೇಕೆಂಬ ಹಂಬಲದಲ್ಲಿ ಸ್ಟೆಪ್ಪಿನ ಆಲೋಚನೆ ಹುಟ್ಟುತ್ತದೆ.

ಹಂಬಲ ಹೊಸದಾದರೂ ವಸ್ತು ಹಳೆಯದು. ಜಟಕಾ ಗಾಡಿಯ ಹಿಂಬದಿಗೆ ಕಬ್ಬಿಣದ ಮೆಟ್ಟಿಲಿತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಎರಡೂ ಪಕ್ಕಗಳಲ್ಲಿ ರನ್ನಿಂಗ್ ಬೋರ್ಡು ಎಂಬ ಉದ್ದನೆಯ ಹಲಗೆಯಿತ್ತು. ಮುಂದೆ ಕಾರುಗಳ ಮೈ ಅಗಲವಾಗಿ ನೆಲಕ್ಕೆ ಇಳಿದಾಗ ಆ ಹಲಗೆ ಮೈಯೊಳಗೇ ಕರಗಿಹೋಯಿತು. ಭಾರ ಹೊರುವ ವಾಹನ ಮಾತ್ರ ಎತ್ತರದಲ್ಲೇ ಉಳಿದುದರಿಂದ ಮೆಟ್ಟಿಲಿನ ನೆಪವೂ ಉಳಿಯಿತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಚಿಕ್ಕ ಸಾಗಣೆ ವಾಹನಗಳು ಹಳ್ಳಿಯ ಬೀದಿಬೀದಿಗೂ ಬಂದವಾದರೂ, ಏಸ್ ಗಿಡ್ಡ ಗಾಡಿಯಾದ ಕಾರಣ ಅದರ ಮಾಲೀಕನು ಸ್ಟೆಪ್ಪಿನ ಮಾತೆತ್ತಿದರೆ ನಗೆಪಾಟಲಾಗುತ್ತಾನೆ. ಬೊಲೆರೊ ಪಿಕಪ್ಪಿನವನಿಗೆ ಆ ಭಯವಿಲ್ಲ.

ಯಾವ ಸ್ಟೆಪ್ಪಿನ ಯಜಮಾನನೂ ತನಗಾಗಿ ಸ್ಟೆಪ್ಪು ಹಾಕಿಸಿದೆನೆಂದು ಒಪ್ಪುವುದಿಲ್ಲ. “ಅವ್ವುಂಗ ಮಂಡಿನೋವು, ಹತ್ತಕ್ಕಾಗಲ್ಲ” ಎಂಬುದು ಅಂಗಡಿಯಲ್ಲಿಯೂ ಮನೆಯಲ್ಲಿಯೂ ಅವನು ಕೊಡುವ ಕಾರಣ. ಅವ್ವನಾದರೋ ಗಾಡಿ ಬಂದ ದಿನದಿಂದಲೂ ಮನೆಯ ಮುಂದಿನ ಜಗುಲಿಗೆ ಒತ್ತಿ ನಿಲ್ಲಿಸಿಕೊಂಡು, ಜಗುಲಿಯಿಂದಲೇ ನೇರವಾಗಿ ಸೀಟಿಗೆ ಸರಿದು ಕೂರುವ ಉಪಾಯವನ್ನು ಕಂಡುಕೊಂಡವಳು. ಸ್ಟೆಪ್ಪು ಬಂದ ಮೇಲೆ ಗಾಡಿಯನ್ನು ಜಗುಲಿಗೆ ಅಷ್ಟು ಒತ್ತಿ ನಿಲ್ಲಿಸಿದರೆ ಸ್ಟೆಪ್ಪಿಗೆ ಗೀರು ಬೀಳುವುದರಿಂದ ಒಂದು ಮಾರು ದೂರ ನಿಲ್ಲಿಸುವುದು ಅನಿವಾರ್ಯವಾಗುತ್ತದೆ, ಮತ್ತು ಮಂಡಿನೋವಿನ ಅವ್ವ ಮೊದಲ ಬಾರಿಗೆ ಬೀದಿಗಿಳಿದು ಗಾಡಿ ಹತ್ತಬೇಕಾಗುತ್ತದೆ.

ಆಯ್ಕೆಯ ಘಟ್ಟ ದೀರ್ಘವಾದದ್ದು. ಸ್ಟೆಪ್ಪುಗಳಲ್ಲಿ ಸ್ಥೂಲವಾಗಿ ಎರಡು ಕುಲ: ಒಂದು ದುಂಡು ಕೊಳವೆಯದು, ಇನ್ನೊಂದು ಚಪ್ಪಟೆ ಹಲಗೆಯದು. ಕೊಳವೆಯದು ನೋಡಲು ಗಟ್ಟಿ, ಆದರೆ ಮಳೆಯಲ್ಲಿ ಜಾರುತ್ತದೆ, ಕಾಲಿಡುವ ಕಡೆ ಪ್ಲಾಸ್ಟಿಕ್ ತುಂಡೊಂದು ಇಲ್ಲದಿದ್ದರೆ ಚಪ್ಪಲಿ ನಿಲ್ಲುವುದಿಲ್ಲ. ಹಲಗೆಯ ಮೇಲೆ ಇಡೀ ಪಾದ ಊರಬಹುದು, ಆದರೆ ಕೆಸರು ಕೂರುತ್ತದೆ. ಉಪಯೋಗವನ್ನೇ ಮುಖ್ಯವೆಂದು ಬಗೆಯುವವನು ಹಲಗೆಯನ್ನು ಆರಿಸಬೇಕು. ಸ್ಟೆಪ್ಪಿನ ಯಜಮಾನನು ಅರ್ಧ ನಿಮಿಷವೂ ಯೋಚಿಸದೆ ಹೊಳೆಯುವ ಕೊಳವೆಯ ಮುಂದೆ ಹೋಗಿ ನಿಲ್ಲುತ್ತಾನೆ. ಆಮೇಲೆ ಲೋಹದ ವಿಚಾರ. ಸಾದಾ ಕಬ್ಬಿಣಕ್ಕೆ ಕಪ್ಪು ಬಣ್ಣದ ಲೇಪ ಹಾಕಿದ್ದು ಅಗ್ಗ, ಗೀರು ಬಿದ್ದಲ್ಲಿ ತುಕ್ಕು; ತುಕ್ಕು ತಡೆಯುವ ಸ್ಟೇನ್‌ಲೆಸ್ ಉಕ್ಕಿನಲ್ಲಿ 304 ಎಂಬ ದರ್ಜೆಯದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತವೆ; 202 ಎಂಬ ದರ್ಜೆಯದರಲ್ಲಿ ದುಬಾರಿಯಾದ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಹೆಚ್ಚಿಸಿರುತ್ತಾರೆ, ಬೆಲೆಯೂ ಇಳಿಯುತ್ತದೆ, ತುಕ್ಕು ತಡೆಯುವ ಗುಣವೂ ಇಳಿಯುತ್ತದೆ.

ಮೈಸೂರಿನ ಅಂಗಡಿಗೆ ಹೋಗುವ ಮುನ್ನವೇ ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡಿರುವ ಯಜಮಾನನು, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವವನ ಗಾಂಭೀರ್ಯದಿಂದ ಕೊಳವೆಯ ಉದ್ದಕ್ಕೂ ಅದನ್ನು ಆಡಿಸುತ್ತಾನೆ. ಅಂಟಲಿಲ್ಲವಾದರೆ 304 ಎಂಬುದು ಅವನ ಸಿದ್ಧಾಂತ. ನಿಜಸ್ಥಿತಿ ಏನೆಂದರೆ, ನಿಕ್ಕಲಾಗಲಿ ಮ್ಯಾಂಗನೀಸಾಗಲಿ ಸಾಕಷ್ಟು ಬೆರೆತ ಉಕ್ಕಿನ ಒಳರಚನೆ ಅಯಸ್ಕಾಂತಕ್ಕೆ ಒಲಿಯದ ರೂಪವನ್ನು ತಾಳುವುದರಿಂದ 202 ಕೂಡ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಷ್ಟೇ ಅಲ್ಲದೆ, ಕಾಯಿಸದೆ ಬಗ್ಗಿಸಿದ ಕಡೆ ಆ ರಚನೆ ತುಸು ಬದಲಾಗುವುದರಿಂದ ಅಪ್ಪಟ 304ರ ಕೊಳವೆಯೂ ತಿರುವಿನಲ್ಲಿ ಅಯಸ್ಕಾಂತವನ್ನು ಸ್ವಲ್ಪ ಎಳೆಯಬಹುದು. ಹೀಗಾಗಿ ನೆಟ್ಟಗಿರುವ ಅಗ್ಗದ ಮಾಲನ್ನು ಮೆಚ್ಚಿ, ಬಾಗಿರುವ ಒಳ್ಳೆಯ ಮಾಲನ್ನು ಕಳ್ಳಮಾಲೆಂದು ತಿರಸ್ಕರಿಸುವ ಸಾಧ್ಯತೆ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಅಡಗಿದೆ. ಅಂಗಡಿಯವನಿಗೆ ಇದು ಗೊತ್ತಿರುವುದಿಲ್ಲವೆಂದೇನೂ ಅಲ್ಲ. ಗಿರಾಕಿಯ ಶಾಸ್ತ್ರಜ್ಞಾನವನ್ನು ಹೊಗಳುತ್ತ ಬಿಲ್ಲು ಬರೆಯುವ ಸೌಜನ್ಯ ಅವನ ವೃತ್ತಿಯ ಭಾಗ.

ಜೋಡಣೆಯು ಭಾನುವಾರ ನಡೆಯುತ್ತದೆ, ಏಕೆಂದರೆ ಅಂದು ನೋಡುವವರಿರುತ್ತಾರೆ. ಪಿಕಪ್ಪಿನ ಅಡಿಯಲ್ಲಿ ಉದ್ದನೆಯ ಎರಡು ಉಕ್ಕಿನ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬಿಗಿದು ಮಾಡಿದ ಏಣಿಯಾಕಾರದ ಚಾಸಿ ಇರುತ್ತದೆ. ಕ್ಯಾಬಿನ್ನು ಅದರ ಮೇಲೆ ರಬ್ಬರು ಬುಷ್ಷುಗಳ ಮೇಲೆ ಕೂತಿರುವುದರಿಂದ, ರಸ್ತೆಯ ಹೊಡೆತಕ್ಕೆ ಚಾಸಿಯೂ ಕ್ಯಾಬಿನ್ನೂ ಬೇರೆ ಬೇರೆಯಾಗಿ ಅಲುಗುತ್ತವೆ. ಆದ್ದರಿಂದ ಸ್ಟೆಪ್ಪಿನ ಬ್ರಾಕೆಟ್ಟುಗಳನ್ನು ಎರಡರಲ್ಲಿ ಒಂದಕ್ಕೇ, ಒಳ್ಳೆಯದೆಂದರೆ ಚಾಸಿಗೇ, ಅದರಲ್ಲಿ ಮೊದಲೇ ಇರುವ ತೂತುಗಳಲ್ಲಿ ಬೋಲ್ಟು ಹಾಕಿ ಬಿಗಿಯಬೇಕು. ಒಂದು ತುದಿ ಚಾಸಿಗೂ ಇನ್ನೊಂದು ತುದಿ ಕ್ಯಾಬಿನ್ನಿಗೂ ಸೇರಿದರೆ ಕೆಲವೇ ವಾರಗಳಲ್ಲಿ ಕಿರುಗುಟ್ಟಿ, ಆಮೇಲೆ ಬಿರುಕು ಬಿಡುತ್ತದೆ. ಚಾಸಿಗೆ ವೆಲ್ಡಿಂಗು ಹೊಡೆಸುವುದಂತೂ ಸಲ್ಲದು, ಏಕೆಂದರೆ ಕಾದ ಜಾಗದಲ್ಲಿ ಉಕ್ಕಿನ ಬಲ ಕುಂದುತ್ತದೆ, ಬ್ಯಾಟರಿಯ ವೈರು ಬಿಚ್ಚದೆ ಹೊಡೆದರೆ ಆಲ್ಟರ್ನೇಟರು ಹಾಳಾಗುವ ಭಯವೂ ಇದೆ.

ಈ ತತ್ತ್ವಗಳೆಲ್ಲ ಡಬ್ಬಿಯೊಳಗಿನ ಕಾಗದದಲ್ಲಿ ಚಿತ್ರಸಮೇತ ಇರುತ್ತವೆಯಾದರೂ, ಆ ಕಾಗದವನ್ನು ಗಾಡಿಯ ಕೆಳಗೆ ಮಲಗುವವನ ತಲೆಯಡಿಗೆ ಹಾಸಲಾಗಿರುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ತಿರುಗಿಸಿ, ಸ್ಟೆಪ್ಪಿನ ಮಟ್ಟ ನೋಡಿಕೊಂಡು, ಆಮೇಲೆ ಬಿಗಿಯಬೇಕೆಂಬುದು ನಿಯಮ. ಮೊದಲನೆಯದನ್ನೇ ಪಾನಾ ಹಾಕಿ ಪೂರ್ತಿ ಬಿಗಿದು, ಮೂರನೆಯ ತೂತು ಕೂಡಿಬರದಿದ್ದಾಗ ತೂತನ್ನು ಶಪಿಸುವುದು ರೂಢಿ. ಸುತ್ತ ನಿಂತವರಲ್ಲಿ ಒಬ್ಬನಾದರೂ “ಎಡಗಡ ಒಸಿ ತಗ್ಗಾಗದ ಕಣಣ್ಣ” ಎಂದು ಹೇಳಿಯೇ ಹೇಳುತ್ತಾನೆ, ಮತ್ತು ಅವನ ಮಾತಿಗೆ ಎಡಗಡೆಯನ್ನು ಎತ್ತಿದ ಮೇಲೆ ಬಲಗಡೆ ತಗ್ಗಾಗಿ ಕಾಣಿಸುತ್ತದೆ. ನಿಂತ ನೆಲವೇ ಓರೆಯಾಗಿರಬಹುದೆಂಬ ಸಂಶಯ ಕತ್ತಲಾಗುವವರೆಗೆ ಯಾರಿಗೂ ಬರುವುದಿಲ್ಲ. ಕೆಲವು ನೂರು ಕಿಲೋಮೀಟರು ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂಬ ಕೊನೆಯ ಸೂಚನೆಯನ್ನು ಪಾಲಿಸಿದ ಯಜಮಾನನ ಉದಾಹರಣೆ ಬದನಗುಪ್ಪೆಯ ಮಟ್ಟಿಗೆ ದೊರೆಯುವುದು ಕಷ್ಟ.

ಇನ್ನು ಬಳಕೆ. ಸ್ಟೆಪ್ಪು ಹಾಕಿಸಿದ ಮೇಲೆ ಯಜಮಾನನ ಹೆಗಲಿನ ಟವೆಲಿಗೆ ಮುಖ ಒರೆಸುವ ಕೆಲಸ ತಪ್ಪುತ್ತದೆ. ಲೋಡು ತುಂಬಿ ಹಗ್ಗ ಬಿಗಿಯುವ ಹಮಾಲಿಯು ಎತ್ತರ ಸಿಗಲೆಂದು ಸಹಜವಾಗಿಯೇ ಅದರ ಮೇಲೆ ನಿಂತರೆ, “ಟೈರ್ ಮ್ಯಾಲ ನಿಂತ್ಕೊ, ಅದ್ರ ಮ್ಯಾಲ ತುಳಿಬ್ಯಾಡ” ಎಂಬ ಕೂಗು ಮಾರುಕಟ್ಟೆಯ ಆಚೆ ತುದಿಗೂ ಕೇಳಿಸುತ್ತದೆ. ಮೆಟ್ಟಿಲನ್ನು ಬಿಟ್ಟು ಚಕ್ರವನ್ನು ತುಳಿಯಬೇಕೆಂಬ ಈ ಆಜ್ಞೆಗೆ ಹಮಾಲಿ ಕೊಡುವ ಉತ್ತರ ಮುದ್ರಣಯೋಗ್ಯವಲ್ಲ. ಅವ್ವನಂತೂ ಇಳಿಯುವಾಗ ಕೊಳವೆಗೆ ಮೊಣಕಾಲು ತಗುಲಿಸಿಕೊಂಡು, ಸೀರೆಯ ಅಂಚಿಗೆ ಕೆಸರು ಹಿಡಿಸಿಕೊಂಡು, “ಇದ್ಯಾಕ್ಲಾ ಮಗ ಅಡ್ಡ ಕಟ್ಟಿದೈ?” ಎಂದು ಕೇಳುತ್ತಾಳೆ.

ಹಾಗಾದರೆ ಸ್ಟೆಪ್ಪಿನಿಂದ ಆಗುವ ಲಾಭವೇನು ಎಂಬ ಪ್ರಶ್ನೆಗೆ ಉತ್ತರವನ್ನು ಮದ್ದೂರು ಚೆಕ್‌ಪೋಸ್ಟಿನಲ್ಲಿ ಹುಡುಕಬೇಕು. ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿರುವುದರಿಂದ, ವಯನಾಡಿಗೆ ತರಕಾರಿ ಒಯ್ಯುವ ಗಾಡಿಗಳು ನಸುಕಿನಲ್ಲಿ ಗೇಟಿನ ಮುಂದೆ ಸಾಲುಗಟ್ಟುತ್ತವೆ. ಆಗ ಬಾಗಿಲು ತೆರೆದು, ಒಂದು ಕೈಯನ್ನು ಕ್ಯಾಬಿನ್ನಿನ ತಲೆಯ ಮೇಲಿಟ್ಟು, ಎರಡೂ ಕಾಲು ಸ್ಟೆಪ್ಪಿನ ಮೇಲೂರಿ ಎದ್ದು ನಿಲ್ಲುವ ಯಜಮಾನನಿಗೆ ಮುಂದಿನ ಲಾರಿಗಳ ಆಚೆಗೂ ಗೇಟು ಕಾಣುತ್ತದೆ. ನೆಲದ ಮೇಲೆ ನಿಂತ ಇತರ ಚಾಲಕರು ತಲೆಯೆತ್ತಿ ಅವನನ್ನೇ ಕೇಳಬೇಕಾಗುತ್ತದೆ. ಗೇಟು ತೆಗೆದರೆ? ಮುಂದೆ ಎಷ್ಟು ಗಾಡಿ? ನಿನ್ನೆ ಬೀಟ್‌ರೂಟಿಗೆ ಏನು ರೇಟು? ಎಲ್ಲಕ್ಕೂ ಅವನು ಮೇಲಿನಿಂದಲೇ ಉತ್ತರಿಸುತ್ತಾನೆ, ಮತ್ತು ಅರ್ಧ ಅಡಿ ಎತ್ತರದಿಂದ ಬಂದ ಬೀಟ್‌ರೂಟಿನ ರೇಟನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊಟ್ಟ ಹಣ ಅಲ್ಲಿ ವಸೂಲಾಗುತ್ತದೆಂದು ಒಪ್ಪದೆ ವಿಧಿಯಿಲ್ಲ.

ಕಾನೂನು ಈ ಸುಖಕ್ಕೆ ಅಷ್ಟೊಂದು ಅನುಕೂಲವಾಗಿಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ; 2019ರ ತಿದ್ದುಪಡಿಯ ತರುವಾಯ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಉಂಟು. ಮುಂದಿನ ಬಂಪರಿಗೆ ಬಿಗಿಯುವ ಕಬ್ಬಿಣದ ಗಾರ್ಡಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಮೈಯ ಅಂಚಿನಿಂದಾಚೆಗೆ ಚಾಚಿದ ಸ್ಟೆಪ್ಪು ವಾಹನದ ಅಗಲವನ್ನು ಹೆಚ್ಚಿಸಿತೇ ಇಲ್ಲವೇ ಎಂಬ ಚರ್ಚೆಗಿಂತ, ಎಡದ್ದೂ ಬಲದ್ದೂ ಸೇರಿ ಒಂದು ಮಾರ್ಪಾಡೋ ಎರಡೋ ಎಂಬ ಲೆಕ್ಕ ಯಜಮಾನನನ್ನು ಹೆಚ್ಚು ಕಾಡುತ್ತದೆ. ಸಾಗಣೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಮಾಡಿಸಬೇಕಾಗಿರುವುದರಿಂದ, ಹಿಂದಿನ ದಿನ ಸ್ಟೆಪ್ಪು ಬಿಚ್ಚಿ ಅಟ್ಟಕ್ಕೇರಿಸಿ, ಮರುದಿನ ಮತ್ತೆ ಬಿಗಿಯುವ ಒಂದು ಕ್ರಮ ರೂಪುಗೊಂಡಿದೆ. ಪ್ರತಿ ಸಲವೂ ಎರಡು ವಾಷರು ಕಡಿಮೆಯಾಗುತ್ತವೆ.

ಗಾಡಿಯನ್ನು ಮಾರುವ ಕಾಲಕ್ಕೆ ಕೊಳ್ಳುವವನು ಸ್ಟೆಪ್ಪಿಗೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲೊಪ್ಪದಿದ್ದಾಗ, ಯಜಮಾನನು ಅದನ್ನು ಬಿಚ್ಚಿಟ್ಟುಕೊಂಡು ಹೊಸ ಗಾಡಿಗೆ ಹಿಡಿದು ನೋಡುತ್ತಾನೆ. ಹೊಸ ಗಾಡಿಯ ಚಾಸಿಯ ತೂತುಗಳು ಬೇರೆ ಕಡೆ ಇರುತ್ತವೆ. “ಪೈಪ್ ಅಂಗೇ ಇರ್ಲಿ, ಬ್ರಾಕೆಟ್ ಒಸ್ದಾಗಿ ಮಾಡ್ಸುದ್ರಾಯ್ತು” ಎಂದು ವೆಲ್ಡಿಂಗ್ ಅಂಗಡಿಯವನು ಸಮಾಧಾನ ಹೇಳುತ್ತ, ಪೈಪು 304ರದೇ ತಾನೆ ಎಂದು ಕೇಳುತ್ತಾನೆ. ಯಜಮಾನನು ಜೇಬಿಗೆ ಕೈ ಹಾಕಿ ಅಯಸ್ಕಾಂತ ತೆಗೆಯುತ್ತಾನೆ.